ಕೋಡ್ ಉಚಿತ ಅಂದರೆ ಸಾಲದು

ಬಿತ್ತನೆ ಭತ್ತ ಕೊಟ್ಟು ‘ಬೆಳೆದದ್ದನ್ನು ಮತ್ತೆ ಬಿತ್ತಬೇಡ’ ಎಂದವರನ್ನು ಹೊಸ ಅಗ್ರಹಾರದಲ್ಲಿ ಯಾರೂ ಮೆಚ್ಚುವುದಿಲ್ಲ. ಬೀಜ ಉಳಿಸಿ ಬಿತ್ತುವ, ಹಂಚುವ ರೈತರ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೂ ಒಪ್ಪಿದೆ. ಹಂಚಿಕೊಂಡ ಕೋಡಿಗೆ ಅಂಥ ಆಸರೆ ಇಲ್ಲ. ಅಲ್ಲಿ ಪರವಾನಗಿಯ ಸಾಲುಗಳೇ ಗತಿ.

ನಾವು ಇದನ್ನು ಟೈಪ್ ಮಾಡುತ್ತಿರುವುದು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ. ಅದಕ್ಕೆ ಯಾರೂ ಬೇಲಿ ಹಾಕದ್ದರಿಂದಲೇ ಅದು ನುಡಿಗೂ ಬಂತು, ಲಿನಕ್ಸಿಗೂ ಬಂತು. ಎಲ್ಲರೂ ಅಷ್ಟು ಉದಾರಿಗಳಾಗಿರುತ್ತಾರೆಯೇ?

ಕೋಡ್ ನಕಲು ಮಾಡಲು ಬಿಟ್ಟ ಮಾತ್ರಕ್ಕೆ ಅದರೊಳಗಿನ ವಿಧಾನದ ಪೇಟೆಂಟನ್ನೂ ಬಿಟ್ಟುಕೊಟ್ಟಂತಲ್ಲ. ಎಂಐಟಿ ಪರವಾನಗಿ ಪೇಟೆಂಟಿನ ಮಾತೇ ಎತ್ತುವುದಿಲ್ಲ. 2004ರ ಅಪಾಚೆ 2.0, 2007ರ ಜಿಪಿಎಲ್ 3 ಆ ಹಕ್ಕನ್ನೂ ಬರೆದುಕೊಡುತ್ತವೆ. ಅಪಾಚೆ ಕೋಡನ್ನು ಜಿಪಿಎಲ್ 3ರ ತಂತ್ರಾಂಶಕ್ಕೆ ಸೇರಿಸಬಹುದು. ಜಿಪಿಎಲ್ 2ಕ್ಕಷ್ಟೇ ಕಟ್ಟುಬಿದ್ದದ್ದಕ್ಕೆ ಸೇರಿಸುವಂತಿಲ್ಲ.

‘ಭಾರತದಲ್ಲಿ ತಂತ್ರಾಂಶಕ್ಕೆ ಪೇಟೆಂಟೇ ಇಲ್ಲವಲ್ಲ’ ಎನ್ನುವವರಿದ್ದಾರೆ. ಪೇಟೆಂಟ್ ಕಾಯ್ದೆಯ 3(ಕೆ) ಕಲಂ ತಡೆಯುವುದು ಬರೀ ಕಂಪ್ಯೂಟರ್ ಪ್ರೋಗ್ರಾಮನ್ನು ಮಾತ್ರ. 2004ರ ಸುಗ್ರೀವಾಜ್ಞೆ ಆ ತಡೆಯನ್ನೂ ಸಡಿಲಿಸಲು ಹೊರಟಿತ್ತು. 2005ರಲ್ಲಿ ಸಂಸತ್ತು ಒಪ್ಪಲಿಲ್ಲ, ಬಚಾವಾದೆವು. ಪ್ರತಿಸಲವೂ ಹಾಗೇ ಆಗುತ್ತದೆಂದು ಕೈಕಟ್ಟಿ ಕೂರಲಾಗದು.

ನಮ್ಮ ಒತ್ತಾಯ ಇಷ್ಟೇ: ಸರ್ಕಾರದ ದುಡ್ಡಲ್ಲಿ ತಯಾರಾಗುವ ಪ್ರತಿ ಕನ್ನಡ ತಂತ್ರಾಂಶದ ಕೋಡ್ ಅಪಾಚೆ 2.0 ಇಲ್ಲವೇ ಜಿಪಿಎಲ್ 3ರಡಿ ಹೊರಬರಲಿ. ತೆರಿಗೆ ನಮ್ಮದು, ಬಿತ್ತನೆಯೂ ನಮ್ಮದೇ ಆಗಬೇಕು.