ಸ್ಥಾಲೀಪುಲಾಕವೂ ಕಾಕತಾಲೀಯವೂ

ನಮ್ಮ ಶಾಸ್ತ್ರಕಾರರು ಲೋಕವ್ಯವಹಾರದಿಂದ ಆಯ್ದುಕೊಂಡ ನ್ಯಾಯಗಳಲ್ಲಿ ಎರಡನ್ನು ಈ ತಿಂಗಳು ವಾಚಕರಿಗೆ ಜ್ಞಾಪಿಸಬೇಕಾಗಿದೆ. ಅಗುಳೊಂದನ್ನು ಹಿಚುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುವುದು ಸ್ಥಾಲೀಪುಲಾಕ ನ್ಯಾಯ. ಕಾಗೆ ಬಂದು ಕುಳಿತ ಕ್ಷಣದಲ್ಲಿಯೇ ತಾಳೆಯ ಹಣ್ಣು ಉದುರಿದರೆ, ಅದು ಬರಿಯ ಆಕಸ್ಮಿಕವೆಂದು ತಿಳಿಸುವುದು ಕಾಕತಾಲೀಯ ನ್ಯಾಯ. ಸ್ವಲ್ಪವನ್ನು ನೋಡಿ ಬಹಳವನ್ನು ಅರಿಯಬಹುದೆಂಬ ಧೈರ್ಯವನ್ನು ಮೊದಲನೆಯದು ಕೊಡುತ್ತದೆ; ಎರಡನೆಯದು ಆ ಧೈರ್ಯಕ್ಕೆ ಕಡಿವಾಣವನ್ನು ಹಾಕುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಗಣಿತವೊಂದುಂಟು.

“ಈ ಔಷಧದಿಂದ ನೂರಕ್ಕೆ ತೊಂಬತ್ತು ಮಂದಿ ಗುಣಹೊಂದಿದರು, ಆ ಔಷಧದಿಂದ ಎಪ್ಪತ್ತು ಮಂದಿ ಮಾತ್ರ” ಎಂಬಂತಹ ಮಾತುಗಳನ್ನು ಪತ್ರಿಕೆಗಳಲ್ಲಿ ಪದೇ ಪದೇ ಓದುತ್ತೇವೆ. ಹೀಗೆ ಹೇಳಿದವರು ಲೋಕದ ರೋಗಿಗಳನ್ನೆಲ್ಲ ನೋಡಿದವರಲ್ಲ; ಕೆಲವರನ್ನು ನೋಡಿ ಎಲ್ಲರ ವಿಷಯವಾಗಿ ಹೇಳಿದವರು. ಹಾಗಾದರೆ ಈ ಇಪ್ಪತ್ತರ ಅಂತರವು ನಿಜವಾಗಿ ಔಷಧದ ಗುಣವೇ, ಅಥವಾ ಕೈಗೆ ಸಿಕ್ಕಿದ ಆ ಕೆಲವರಲ್ಲಿ ಯದೃಚ್ಛೆಯಿಂದ ತೋರಿದ ಆಭಾಸವೇ? ಮನೆಯಲ್ಲಿ ಕಾಯಿಲೆಯವರನ್ನಿಟ್ಟುಕೊಂಡ ಗೃಹಸ್ಥನಿಗೆ ಇದು ಒಣ ತರ್ಕವಲ್ಲ.

ಮೊದಲು ಮಾದರಿಯ ವಿಚಾರ. ಪಾತ್ರೆಯ ಅಗುಳುಗಳೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದವು. ಆದಕಾರಣ ಒಂದೆರಡು ಅಗುಳು ಸಾಕು. ಮನುಷ್ಯರಾದರೋ ಹಾಗಲ್ಲ. ಸಂತೆಯಲ್ಲಿ ಮೆಣಸಿನಕಾಯಿಯ ಮೂಟೆಯನ್ನು ಕೊಳ್ಳುವ ಜಾಣೆಯಾದ ಗೃಹಿಣಿಯು ಮೇಲೆ ಹರಡಿದ ಕೆಂಪು ಕಾಯಿಗಳನ್ನು ನಂಬದೆ, ತಳಕ್ಕೂ ನಡುವಿಗೂ ಕೈಹಾಕಿ ಹಿಡಿಯಷ್ಟನ್ನು ತೆಗೆದು ನೋಡುತ್ತಾಳೆ. ಮಾದರಿಯನ್ನು ಹೀಗೆಯೇ ಆರಿಸಬೇಕು. ಆರಿಸುವವನ ಇಷ್ಟಾನಿಷ್ಟಗಳಿಗೆ ಅಲ್ಲಿ ಎಡೆಯಿರಕೂಡದು. ಚೀಟಿ ಎತ್ತಿದಂತೆ, ಯಾರು ಬರುವರೋ ಯಾರಿಗೂ ಮುಂದಾಗಿ ತಿಳಿಯದಂತಿರಬೇಕು. ಇದು ತಪ್ಪಿದರೆ ಮುಂದಿನ ಗಣಿತವೆಲ್ಲ ಮರಳಿನ ಮೇಲೆ ಕಟ್ಟಿದ ಮನೆ.

ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತವೊಂದನ್ನು ನೋಡೋಣ. ಅಮೆರಿಕದಲ್ಲಿ ೧೯೪೩ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವು ಕ್ಷಯರೋಗಕ್ಕೆ ಮದ್ದಾದೀತೆಂಬ ಆಸೆ ಹುಟ್ಟಿತ್ತು. ಬ್ರಿಟನ್ನಿಗೆ ಅದು ದೊರೆತದ್ದು ಬಹು ಸ್ವಲ್ಪ, ಎಲ್ಲರಿಗೂ ಕೊಡುವಂತಿರಲಿಲ್ಲ. ಅಲ್ಲಿಯ ವೈದ್ಯಕೀಯ ಸಂಶೋಧನಾ ಮಂಡಲಿಯು ೧೯೪೭ರಲ್ಲಿ ಈ ಅಭಾವವನ್ನೇ ಸತ್ಯಶೋಧನೆಗೆ ಸಾಧನವಾಗಿ ಮಾಡಿಕೊಂಡಿತು. ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರ ಯೋಜನೆಯಂತೆ, ಎರಡು ಶ್ವಾಸಕೋಶಗಳಿಗೂ ರೋಗ ತಗಲಿದ್ದ ೧೦೭ ಮಂದಿ ತರುಣ ರೋಗಿಗಳನ್ನು, ಮುಚ್ಚಿದ ಲಕೋಟೆಗಳಲ್ಲಿಟ್ಟ ಯಾದೃಚ್ಛಿಕ ಸಂಖ್ಯೆಗಳ ಆಧಾರದಿಂದ ಎರಡು ಪಂಗಡಗಳಾಗಿ ವಿಂಗಡಿಸಿದರು. ೫೫ ಮಂದಿಗೆ ಹಾಸಿಗೆಯ ವಿಶ್ರಾಂತಿಯೊಡನೆ ಔಷಧವೂ ದೊರೆಯಿತು. ೫೨ ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳು ಕಳೆಯುವಷ್ಟರಲ್ಲಿ ಮೊದಲನೆಯ ಪಂಗಡದಲ್ಲಿ ೪ ಮಂದಿ, ಎರಡನೆಯದರಲ್ಲಿ ೧೪ ಮಂದಿ ಮೃತರಾದರು. ೧೯೪೮ರಲ್ಲಿ ಪ್ರಕಟವಾದ ಈ ಲೆಕ್ಕದಂತೆ ಮರಣವು ಒಂದು ಕಡೆ ನೂರಕ್ಕೆ ೭, ಇನ್ನೊಂದು ಕಡೆ ನೂರಕ್ಕೆ ೨೭. ಅಂತರ ಸುಮಾರು ೨೦.

ಈಗ ತರ್ಕದ ಕ್ರಮದಂತೆ ಪೂರ್ವಪಕ್ಷವನ್ನು ಹಿಡಿಯೋಣ: “ಔಷಧದಲ್ಲಿ ಯಾವ ಗುಣವೂ ಇಲ್ಲ, ಸಾಯತಕ್ಕವರು ಚೀಟಿಯ ವಶದಿಂದ ಒಂದು ಕಡೆಗೆ ಹೆಚ್ಚಾಗಿ ಬಿದ್ದರು, ಅಷ್ಟೆ.” ಹಾಗಿದ್ದಲ್ಲಿ ಎರಡು ಪಂಗಡಗಳೂ ಒಂದೇ. ಒಟ್ಟು ೧೦೭ ಮಂದಿಯಲ್ಲಿ ೧೮ ಮಂದಿ ಸತ್ತರು, ಅಂದರೆ ನೂರಕ್ಕೆ ಸುಮಾರು ೧೭; ಬದುಕಿದವರು ೮೩. ಈ ೧೭ನ್ನೂ ೮೩ನ್ನೂ ಗುಣಿಸಿದರೆ ೧೪೧೧ ಆಗುತ್ತದೆ. ಇದನ್ನು ೫೫ರಿಂದ ಒಮ್ಮೆ, ೫೨ರಿಂದ ಒಮ್ಮೆ ಭಾಗಿಸಿ, ಬಂದ ಎರಡು ಫಲಗಳನ್ನು ಕೂಡಿಸಿದರೆ ಸುಮಾರು ೫೩. ಅದರ ವರ್ಗಮೂಲ ೭ಕ್ಕಿಂತ ಸ್ವಲ್ಪ ಹೆಚ್ಚು. ಬರಿಯ ಯದೃಚ್ಛೆಯಿಂದ ಈ ಎರಡು ಶೇಕಡಾಗಳ ನಡುವೆ ಸಾಮಾನ್ಯವಾಗಿ ನಿರೀಕ್ಷಿಸಬಹುದಾದ ಓಲಾಟದ ಅಳತೆ ಇದೇ.

ಕಂಡ ಅಂತರವು ಈ ಓಲಾಟದ ಎರಡರಷ್ಟನ್ನು ಮೀರಿದರೆ, ಪೂರ್ವಪಕ್ಷವು ಸತ್ಯವಾಗಿರುವಾಗ ಅಂತಹ ಅಂತರ ತೋರುವುದು ನೂರು ಸಲದಲ್ಲಿ ಐದು ಸಲಕ್ಕಿಂತ ಹೆಚ್ಚಿಲ್ಲವೆಂದು ಬಲ್ಲವರು ಗಣಿಸಿದ್ದಾರೆ. ಇಲ್ಲಿಯ ೨೦ರ ಅಂತರವಾದರೋ ಓಲಾಟದ ಸುಮಾರು ೨.೭ ಪಟ್ಟು. ಇದು ಯದೃಚ್ಛೆಯಿಂದ ಬರುವುದು ನೂರು ಸಲದಲ್ಲಿ ಒಂದು ಸಲಕ್ಕಿಂತಲೂ ಕಡಮೆ. ಆದಕಾರಣ ಪೂರ್ವಪಕ್ಷವನ್ನು ಬಿಟ್ಟು, ಆ ಆರು ತಿಂಗಳಲ್ಲಿ ಔಷಧವು ಪ್ರಾಣಗಳನ್ನು ಉಳಿಸಿತೆಂದು ಒಪ್ಪುವುದೇ ಯುಕ್ತ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅದೇ ರೋಗಿಗಳನ್ನು ಐದು ವರ್ಷಗಳ ಅನಂತರ ಎಣಿಸಿದಾಗ, ಔಷಧ ಪಡೆದ ೫೫ ಮಂದಿಯಲ್ಲಿ ೩೨, ಪಡೆಯದ ೫೨ ಮಂದಿಯಲ್ಲಿ ೩೫ ಮಂದಿ ತೀರಿಕೊಂಡಿದ್ದರು. ನೂರಕ್ಕೆ ೫೮ ಮತ್ತು ೬೭. ಮೇಲಿನ ಗಣಿತವನ್ನೇ ಮಾಡಿದರೆ ಓಲಾಟವು ೯ಕ್ಕಿಂತ ಸ್ವಲ್ಪ ಹೆಚ್ಚು. ಕಂಡ ಅಂತರವೂ ಸುಮಾರು ೯. ಕಾಗೆಯೂ ತಾಳೆಯ ಹಣ್ಣೂ ಸೇರಿ ಇಷ್ಟನ್ನು ಸುಲಭವಾಗಿ ತೋರಿಸಬಲ್ಲವು. ಇದರಿಂದ ಎರಡೂ ಸಮವೆಂದು ಸಿದ್ಧವಾಯಿತೆಂದು ತಿಳಿಯಬಾರದು. ಭೇದವುಂಟೆಂದು ಹೇಳಲು ಸಾಕ್ಷ್ಯವು ಸಾಲದು, ಅಷ್ಟೆ. ಸಾಕ್ಷ್ಯ ಸಾಲದೆ ಬಿಡುಗಡೆಯಾದವನು ನಿರಪರಾಧಿಯೆಂದು ಸ್ಥಾಪಿತನಾಗುವುದಿಲ್ಲವಷ್ಟೆ!

ಮೊದಲಿನ ಲಾಭ ಹೀಗೆ ಕುಗ್ಗಿದುದಕ್ಕೆ ಮುಖ್ಯ ಕಾರಣವನ್ನು ವೈದ್ಯರು ಆಗಲೇ ಅರಿತಿದ್ದರು: ಅನೇಕ ರೋಗಿಗಳ ದೇಹದಲ್ಲಿ ಕ್ಷಯದ ಕ್ರಿಮಿಗಳು ಆ ಒಂದೇ ಔಷಧಕ್ಕೆ ಬಗ್ಗದಂತಾಗಿದ್ದವು. ಬೇರೊಂದು ಔಷಧವನ್ನು ಜೊತೆಗೆ ಕೊಟ್ಟರೆ ಇದು ಬಹುಮಟ್ಟಿಗೆ ತಪ್ಪುವುದೆಂದು ೧೯೫೦ರಲ್ಲಿ ಪ್ರಕಟವಾದ ಪರೀಕ್ಷೆಯು ತೋರಿಸಿತು. ಇಂದಿಗೂ ಕ್ಷಯಕ್ಕೆ ಹಲವು ಔಷಧಗಳನ್ನು ಕೂಡಿಸಿ ತಿಂಗಳುಗಟ್ಟಲೆ ಕೊಡುವುದರ ಮೂಲದಲ್ಲಿ ಈ ಪಾಠವಿದೆ.

ಅಂತರವು ಅತ್ಯಲ್ಪವಾಗಿದ್ದರೂ ನಿಜವಾಗಿರಬಹುದೆಂಬುದಕ್ಕೆ ಇನ್ನೊಂದು ನಿದರ್ಶನವುಂಟು. ೧೯೫೪ರಲ್ಲಿ ಅಮೆರಿಕದ ಮಕ್ಕಳಲ್ಲಿ ಪೋಲಿಯೋ ರೋಗಕ್ಕೆ ಸಾಕ್ ಅವರ ಲಸಿಕೆಯನ್ನು ಪರೀಕ್ಷಿಸಿದರು. ಯಾದೃಚ್ಛಿಕವಾಗಿ ವಿಂಗಡಿಸಿದವರಲ್ಲಿ, ಲಸಿಕೆ ಪಡೆದ ೨,೦೦,೭೪೫ ಮಕ್ಕಳ ಪೈಕಿ ೩೩ ಮಕ್ಕಳಿಗೂ, ನೋಡಲು ಅದರಂತೆಯೇ ಇದ್ದ ನಿರೌಷಧ ದ್ರವವನ್ನು ಪಡೆದ ೨,೦೧,೨೨೯ ಮಕ್ಕಳ ಪೈಕಿ ೧೧೫ ಮಕ್ಕಳಿಗೂ ಪಾರ್ಶ್ವವಾಯುವಿನೊಡನೆ ರೋಗ ಬಂದಿತು. ಲಕ್ಷಕ್ಕೆ ೧೬ ಮತ್ತು ೫೭. ನೂರಕ್ಕೆ ಇಷ್ಟೆಂದು ಹೇಳಹೊರಟರೆ ಈ ಅಂತರವು ಒಂದರ ಇಪ್ಪತ್ತೈದನೆಯ ಪಾಲು ಮಾತ್ರ! ಆದರೂ ಓಲಾಟವು ಲಕ್ಷಕ್ಕೆ ಸುಮಾರು ೬. ಅಂತರವು ಅದರ ಆರು ಪಟ್ಟನ್ನೂ ಮೀರಿದೆ. ಮಾದರಿಯು ದೊಡ್ಡದಾದಷ್ಟೂ ಓಲಾಟವು ಕುಗ್ಗುತ್ತದೆ. ಆದರೆ ಬಹು ನಿಧಾನವಾಗಿ. ಓಲಾಟವನ್ನು ಅರ್ಧ ಮಾಡಬೇಕಾದರೆ ಮಾದರಿಯನ್ನು ನಾಲ್ಕು ಪಟ್ಟು ಮಾಡಬೇಕು. ಮಕ್ಕಳ ಸಂಖ್ಯೆ ಲಕ್ಷಗಳನ್ನು ಮುಟ್ಟಬೇಕಾದದ್ದು ಇದರಿಂದಲೇ.

ಇಷ್ಟು ಗಣಿತವನ್ನು ಪ್ರತಿದಿನವೂ ಮಾಡುತ್ತ ಕೂರಿರೆಂದು ನಾನು ಹೇಳುತ್ತಿಲ್ಲ. ಎರಡು ಶೇಕಡಾಗಳನ್ನು ಯಾರಾದರೂ ಮುಂದಿಟ್ಟಾಗ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಎಷ್ಟು ಮಂದಿಯನ್ನು ನೋಡಿದಿರಿ? ಅವರನ್ನು ಆರಿಸಿದವರು ಯಾರು, ಹೇಗೆ? ಎಷ್ಟು ಕಾಲದವರೆಗೆ ನೋಡಿದಿರಿ? ಉತ್ತರ ಬಾರದೆ ಇದ್ದರೆ, ಆ ಔಷಧಕ್ಕೆ ಹಣವನ್ನು ಬಿಚ್ಚುವ ಮೊದಲು ತಿಳಿದ ವೈದ್ಯರೊಬ್ಬರನ್ನು ವಿಚಾರಿಸುವುದು ಲೇಸು.