ಮೀನಿನ ತೊಟ್ಟಿಗೆ ಚಳಿಜ್ವರ

ಡಿಸೆಂಬರ್ ಕೊನೆಯ ವಾರ. ಮಡಿಕೇರಿಯ ಒಂದು ಮನೆ. ಏಳನೆಯ ತರಗತಿಯ ಹುಡುಗಿ ಎದ್ದವಳೇ ಎಂದಿನಂತೆ ಹಜಾರದಲ್ಲಿರುವ ಅಕ್ವೇರಿಯಂ ಮುಂದೆ ಬಂದು ನಿಲ್ಲುತ್ತಾಳೆ. ಆಹಾರದ ಡಬ್ಬಿ ಅಲುಗಿದರೆ ಸಾಕು, ಮೇಲೆ ಬಂದು ಮುತ್ತುತ್ತಿದ್ದ ಏಂಜೆಲ್ ಮೀನುಗಳು ಇಂದು ಬರುವುದಿಲ್ಲ. ತಳದ ಮರಳಿನ ಹತ್ತಿರ ಈಜುರೆಕ್ಕೆ ಮಡಚಿಕೊಂಡು ಮಂಕಾಗಿ ನಿಂತಿವೆ. ಥರ್ಮಾಮೀಟರ್ 20 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದೆ. ಹಿಂದಿನ ಸಂಜೆ ಅದು 26 ಇತ್ತು.

"ಅಪ್ಪಾ, ನೀರು ತಣ್ಣಗಾಗಿಬಿಟ್ಟಿದೆ!"

ಅಪ್ಪ ಗಾಬರಿಯಿಂದ ಒಲೆಯ ಮೇಲೆ ಪಾತ್ರೆಯಿಟ್ಟು ನೀರು ಕಾಯಿಸತೊಡಗುತ್ತಾರೆ. "ಈ ಉಸಾಬರಿಯೆಲ್ಲ ಬೇಡ ಅಂತ ಆಗಲೇ ಹೇಳಿದ್ದೆ" ಎಂದು ಅಮ್ಮ ಗೊಣಗುತ್ತಾರೆ. ಹುಡುಗಿಯ ಕಣ್ಣಲ್ಲಿ ನೀರು.

ಈ ಮನೆ ಕಲ್ಪನೆಯದು. ಆದರೆ ಇಂಥ ಬೆಳಗು ಅಕ್ವೇರಿಯಂ ಇಟ್ಟ ಯಾವ ಮನೆಗೂ ಬರಬಹುದು. ಕೆಟ್ಟಿರುವುದು ನೀರನ್ನು ಬೆಚ್ಚಗಿಡುವ ಹೀಟರ್. ಆದರೆ ಮುಂದಿನ ಅರ್ಧ ಗಂಟೆಯಲ್ಲಿ ಆ ಮೀನುಗಳಿಗಿರುವ ದೊಡ್ಡ ಅಪಾಯ ಚಳಿಯದಲ್ಲ. ಒಲೆಯ ಮೇಲೆ ಕುದಿಯುತ್ತಿರುವ ಆ ನೀರಿನದು! ಇದು ಏಕೆಂದು ತಿಳಿಯಲು ಪ್ರೌಢಶಾಲೆಯ ಭೌತವಿಜ್ಞಾನವೇ ಸಾಕು.

ನೀರಿನ ನಿಧಾನ ಸ್ವಭಾವ

ಮನುಷ್ಯನ ಮೈಯ ಉಷ್ಣತೆ ಹೊರಗೆ ಮಳೆಯಿರಲಿ ಬಿಸಿಲಿರಲಿ 37 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮೀನಿಗೆ ಆ ಅನುಕೂಲವಿಲ್ಲ. ಬಹುಪಾಲು ಮೀನುಗಳ ವಿಷಯದಲ್ಲಿ ನೀರು ಎಷ್ಟು ಡಿಗ್ರಿಯೋ ಮೈಯೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ. ನೀರು ತಣಿದರೆ ಜೀರ್ಣಕ್ರಿಯೆ, ಉಸಿರಾಟ, ರೋಗನಿರೋಧ ಶಕ್ತಿ ಎಲ್ಲವೂ ನಿಧಾನವಾಗುತ್ತವೆ. ಏಂಜೆಲ್ ಮೀನು ಮೂಲತಃ ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದ್ದು. 24ರಿಂದ 28 ಡಿಗ್ರಿಯ ನೀರು ಅದಕ್ಕೆ ಹಿತ. ಚೀನಾದಲ್ಲಿ ಸಾಕಿ ಬೆಳೆಸಿದ ಗೋಲ್ಡ್ ಫಿಶ್ ತಂಪು ನೀರಿನ ಮೀನು. ಅದನ್ನು ಸಾಕುವವರಿಗೆ ಹೀಟರಿನ ತಾಪತ್ರಯವೇ ಇಲ್ಲ.

ಮೀನು ಎಷ್ಟೇ ಸೂಕ್ಷ್ಮವಾಗಿದ್ದರೂ ಅದನ್ನು ಸುತ್ತುವರಿದ ನೀರು ಬೇಗ ಬದಲಾಗುವಂಥದ್ದಲ್ಲ. ಒಂದು ಲೀಟರ್ ನೀರಿನ ಉಷ್ಣತೆಯನ್ನು 1 ಡಿಗ್ರಿ ಏರಿಸಲು 1 ಕಿಲೋಕ್ಯಾಲೊರಿ ಶಾಖ ಬೇಕು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಮರಳು, ಕಲ್ಲುಗಳನ್ನು ಬಿಟ್ಟರೆ ಸುಮಾರು 50 ಲೀಟರ್ ನೀರಿರುತ್ತದೆ. ಅಂದರೆ ಪ್ರತಿ ಡಿಗ್ರಿಗೆ 50 ಕಿಲೋಕ್ಯಾಲೊರಿ. 100 ವಾಟಿನ ಹೀಟರ್ ಒಂದು ಗಂಟೆಯಲ್ಲಿ ಕೊಡುವುದು ಸುಮಾರು 86 ಕಿಲೋಕ್ಯಾಲೊರಿ. ಒಂದು ಹನಿ ಶಾಖವೂ ಪೋಲಾಗದಿದ್ದರೂ ಅದು ಈ ತೊಟ್ಟಿಯನ್ನು 1 ಡಿಗ್ರಿ ಏರಿಸಲು 35 ನಿಮಿಷ ತೆಗೆದುಕೊಳ್ಳುತ್ತದೆ.

ಕಾಯಲು ನಿಧಾನವಾದ ನೀರು ಆರಲೂ ನಿಧಾನವೇ. ಮಡಿಕೇರಿಯ ಆ ತೊಟ್ಟಿ 6 ಡಿಗ್ರಿ ಇಳಿಯಲು ಇಡೀ ರಾತ್ರಿ ಹಿಡಿದಿದೆ. ಮೀನುಗಳು ಆ ಇಳಿತಕ್ಕೆ ಸ್ವಲ್ಪ ಸ್ವಲ್ಪವಾಗಿ ಹೊಂದಿಕೊಂಡಿವೆ. ಮಂಕಾಗಿವೆ, ಸತ್ತಿಲ್ಲ. ಈಗ ಕುದಿನೀರು ಸುರಿದರೆ ಹನ್ನೆರಡು ಗಂಟೆಯ ಇಳಿತವನ್ನು ಐದು ನಿಮಿಷದಲ್ಲಿ ಏರಿಸಿದಂತಾಗುತ್ತದೆ. ಅದನ್ನು ಮೀನಿನ ಮೈ ತಾಳುವುದಿಲ್ಲ. ಬಿಸಿನೀರು ತಾಗಿದ ಕಡೆ ಕಿವಿರು ಸುಟ್ಟುಹೋಗಬಹುದು, ಗಾಜೂ ಸೀಳಬಹುದು. ಕುದಿಸಿದ ನೀರಿನಲ್ಲಿ ಕರಗಿದ ಆಮ್ಲಜನಕವಂತೂ ಇರುವುದೇ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಹೀಟರಿನ ಪ್ಲಗ್ ಕಿತ್ತಿಡಿ. ಹೀಟರ್ ನಿಜಕ್ಕೂ ಕೆಟ್ಟಿದೆಯೋ, ರಾತ್ರಿ ಕರೆಂಟು ಹೋಗಿತ್ತೋ, ಪ್ಲಗ್ ಸಡಿಲವಾಗಿತ್ತೋ ನೋಡಿ. ತೊಟ್ಟಿಯ ಮೂರು ಬದಿಗೆ ಕಂಬಳಿ ಸುತ್ತಿ. ಮೇಲೆ ಗಾಳಿಯಾಡಲು ಬಿಡಿ. ಗಾಳಿಯ ಪಂಪು ಓಡುತ್ತಿರಲಿ. ಒಂದು ಲೀಟರಿನ ಶುಭ್ರವಾದ ಬಾಟಲಿಗೆ 50 ಡಿಗ್ರಿಯಷ್ಟು ಬಿಸಿಯಾದ, ಅಂದರೆ ಕೈಗೆ ಚುರುಕೆನ್ನುವ ನೀರು ತುಂಬಿ, ಬಿರಡೆ ಬಿಗಿಮಾಡಿ, ತೊಟ್ಟಿಯಲ್ಲಿ ತೇಲಬಿಡಿ. ನೀರು ಉಕ್ಕದಂತೆ ಮೊದಲೇ ಒಂದೆರಡು ಲೋಟ ತೆಗೆದಿರಿ.

ಲೆಕ್ಕ ಹಾಕಿ ನೋಡಿ. 50 ಡಿಗ್ರಿಯ 1 ಲೀಟರ್ ನೀರು ಸುಮಾರು 20 ಡಿಗ್ರಿಗೆ ಇಳಿಯುವಾಗ ಕೊಡುವುದು 30 ಕಿಲೋಕ್ಯಾಲೊರಿ. 50 ಲೀಟರಿಗೆ ಹಂಚಿದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಏರಿಕೆ. ಎಷ್ಟು ಕಡಿಮೆ ಎನಿಸಬಹುದು. ಆ ಕಡಿಮೆಯೇ ಇಲ್ಲಿ ಮದ್ದು. ಗಂಟೆಗೊಂದು ಡಿಗ್ರಿಗಿಂತ ವೇಗ ಬೇಡ. ಸಂಜೆಯೊಳಗೆ ನೀರು 24ಕ್ಕೆ ಬಂದರೆ ಸಾಕು. ಅಷ್ಟರಲ್ಲಿ ಅಂಗಡಿ ತೆರೆದು ಹೊಸ ಹೀಟರೂ ಬಂದಿರುತ್ತದೆ. ಆ ದಿನ ಮೀನುಗಳಿಗೆ ಆಹಾರ ಬೇಡ. ತಣ್ಣಗಾದ ಹೊಟ್ಟೆಯಲ್ಲಿ ಅದು ಜೀರ್ಣವಾಗದು. ಉಳಿದದ್ದು ಕೊಳೆತು ನೀರು ಕೆಡುತ್ತದೆ.

ಇನ್ನೊಂದು ಬಗೆಯ ಕೇಡು

ಹೀಟರ್ ಕೆಡುವುದೆಂದರೆ ಕಾಯಿಸುವುದನ್ನು ನಿಲ್ಲಿಸುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಕಾಯಿಸುವುದನ್ನು ನಿಲ್ಲಿಸದೇ ಇರುವುದೂ ಕೆಡುವುದೇ. ಇದು ಹೆಚ್ಚು ಕ್ರೂರ.

ಇಸ್ತ್ರಿಪೆಟ್ಟಿಗೆ ಕಾದಾಗ 'ಟಿಕ್' ಎನ್ನುವುದನ್ನು ಎಲ್ಲರೂ ಕೇಳಿರುತ್ತಾರೆ. ಒಳಗಿರುವುದು ದ್ವಿಲೋಹ ಪಟ್ಟಿ. ಹೆಚ್ಚು ಹಿಗ್ಗುವ ಒಂದು ಲೋಹ, ಕಡಿಮೆ ಹಿಗ್ಗುವ ಇನ್ನೊಂದು, ಎರಡನ್ನೂ ಬೆನ್ನಿಗೆ ಬೆನ್ನು ಬೆಸೆದದ್ದು. ಕಾದಾಗ ಪಟ್ಟಿ ಬಾಗಿ ವಿದ್ಯುತ್ ಸಂಪರ್ಕ ಕಡಿಯುತ್ತದೆ. ಆರಿದಾಗ ನೆಟ್ಟಗಾಗಿ ಮತ್ತೆ ಕೂಡುತ್ತದೆ. ತೀರಾ ಕಡಿಮೆ ಹಿಗ್ಗುವ ಲೋಹಗಳಲ್ಲಿ ಹೆಸರಾದದ್ದು ಕಬ್ಬಿಣ ಮತ್ತು ನಿಕಲ್ ಸೇರಿದ ಇನ್ವಾರ್. ಅದನ್ನು 1896ರಲ್ಲಿ ಕಂಡುಹಿಡಿದ ಷಾರ್ಲ್ ಎದ್ವಾರ್ ಗಿಯೋಮ್ ಅವರಿಗೆ 1920ರ ಭೌತವಿಜ್ಞಾನದ ನೊಬೆಲ್ ಬಹುಮಾನ ಸಂದಿತು. ಅಕ್ವೇರಿಯಂ ಹೀಟರಿನ ಥರ್ಮೋಸ್ಟಾಟಿನಲ್ಲೂ ಬಹುಕಾಲದಿಂದ ಇರುವುದು ಇಂಥದೇ ಪಟ್ಟಿ.

ಸಂಪರ್ಕ ಕೂಡುವಾಗ, ಕಡಿಯುವಾಗ ಅಲ್ಲೊಂದು ಸಣ್ಣ ಕಿಡಿ ಹಾರುತ್ತದೆ. ದಿನಕ್ಕೆ ಹಲವು ಬಾರಿಯಂತೆ ವರ್ಷಗಟ್ಟಲೆ ಕಿಡಿ ಹಾರಿದರೆ ಲೋಹದ ತುದಿಗಳು ಕರಗಿ ಒಂದಕ್ಕೊಂದು ಬೆಸೆದುಕೊಳ್ಳಬಹುದು. ಆಮೇಲೆ ನೀರು ಎಷ್ಟು ಕಾದರೂ ಪಟ್ಟಿ ಬಿಡಿಸಿಕೊಳ್ಳದು. ಇಂದಿನ ಎಲೆಕ್ಟ್ರಾನಿಕ್ ಹೀಟರುಗಳಲ್ಲಿ ದ್ವಿಲೋಹ ಪಟ್ಟಿಯ ಬದಲು ಸಂವೇದಕ ಇರುತ್ತದೆ. ಅವುಗಳ ರಿಲೇಗೂ ಇದೇ ಗತಿ ಬರಬಹುದು. ನಿಗದಿ ಮಾಡಿದ್ದಕ್ಕಿಂತ ನೀರು ಬಿಸಿಯಾಗಿದ್ದೂ ಹೀಟರಿನ ದೀಪ ಉರಿಯುತ್ತಲೇ ಇದ್ದರೆ ರೋಗ ಇದೇ.

ಚಳಿಗಾಲ ಕಳೆದ ಮೇಲೂ ಹೀಟರನ್ನು ಹಾಗೆಯೇ ಬಿಟ್ಟ ಬಳ್ಳಾರಿಯ ಮನೆಯೊಂದನ್ನು ಊಹಿಸಿಕೊಳ್ಳಿ. ಕೋಣೆಯೇ 32 ಡಿಗ್ರಿ. ಹೀಟರ್ ಸಿಕ್ಕಿಕೊಂಡಿದೆ. ನೀರು 34 ದಾಟಿದೆ. ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಕಳೆದು ಏದುಸಿರು ಬಿಡುತ್ತಿವೆ. 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 35 ಡಿಗ್ರಿಯಲ್ಲಿ ಸುಮಾರು 7. ಅದೇ ಹೊತ್ತಿಗೆ ಮೀನಿನ ಮೈಯೊಳಗಿನ ಕ್ರಿಯೆಗಳು ಪ್ರತಿ 10 ಡಿಗ್ರಿಗೆ ಸ್ಥೂಲವಾಗಿ ಇಮ್ಮಡಿಯಾಗುತ್ತವೆ. ಬೇಕಾದದ್ದು ಇಮ್ಮಡಿ, ಸಿಗುವುದು ಕಡಿಮೆ. ಚಳಿಯಲ್ಲಿ ಮೀನಿಗೆ ಕಾಯುವ ಶಕ್ತಿಯಿದೆ. ಸೆಕೆಯಲ್ಲಿ ಅದೂ ಇಲ್ಲ.

ಇಲ್ಲಿಯೂ ಪ್ಲಗ್ ಕೀಳುವುದೇ ಮೊದಲ ಕೆಲಸ. ಎರಡನೆಯದು ಗಾಳಿ. ಪಂಪನ್ನು ಜೋರಾಗಿಸಿ. ಪಂಪಿಲ್ಲದಿದ್ದರೆ ತೊಟ್ಟಿಯ ನೀರನ್ನೇ ಲೋಟದಲ್ಲಿ ಎತ್ತಿ ಎತ್ತಿ ಮೆಲ್ಲಗೆ ಸುರಿಯಿರಿ. ಮೂರನೆಯದು ತಂಪು. ಈಗ ಎಲ್ಲರ ಕೈಯೂ ಫ್ರಿಜ್ಜಿನ ಕಡೆಗೆ ಹೋಗುತ್ತದೆ. ಜೋಪಾನ! ಬಿಸಿನೀರಿನ ಬಾಟಲಿಗೂ ಐಸಿನ ಬಾಟಲಿಗೂ ಅಜಗಜಾಂತರ. 1 ಕಿಲೋ ಐಸು ಕರಗುವುದಕ್ಕೇ 80 ಕಿಲೋಕ್ಯಾಲೊರಿ ಶಾಖವನ್ನು ಹೀರುತ್ತದೆ. ಇದೇ ಪಾಠದಲ್ಲಿ ಓದಿದ ಗುಪ್ತೋಷ್ಣ. ಕರಗಿದ ನೀರು ತೊಟ್ಟಿಯ ಉಷ್ಣತೆಗೆ ಬರಲು ಇನ್ನೂ 30ರಷ್ಟು ಬೇಕು. ಒಟ್ಟು 110. ಬಿಸಿನೀರಿನ ಬಾಟಲಿ ಕೊಟ್ಟದ್ದು 30 ಮಾತ್ರ! ಅಂದರೆ ಒಂದೇ ಅಳತೆಯ ಐಸಿನ ಬಾಟಲಿ ಮೂರೂವರೆ ಪಟ್ಟಿಗೂ ಹೆಚ್ಚು ಬಲಶಾಲಿ. ನಮ್ಮ 50 ಲೀಟರಿನ ತೊಟ್ಟಿಯನ್ನು ಒಂದೇ ಏಟಿಗೆ 2 ಡಿಗ್ರಿಗೂ ಹೆಚ್ಚು ಇಳಿಸಬಲ್ಲದು. ಐಸು ಬಳಸಲೇಬೇಕಾದರೆ ಅರ್ಧ ಲೀಟರಿನ ಒಂದೇ ಮುಚ್ಚಿದ ಬಾಟಲಿ, ಅದು ಪೂರ್ತಿ ಕರಗಿ ಥರ್ಮಾಮೀಟರ್ ನೋಡಿದ ಮೇಲೆ ಮುಂದಿನದು.

ಅದಕ್ಕಿಂತ ಸೌಮ್ಯವಾದ ಉಪಾಯ ಅಜ್ಜಿಯ ಮಣ್ಣಿನ ಮಡಕೆಯದು. ಮಡಕೆಯ ಹೊರಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಕದ್ದೊಯ್ಯುತ್ತದೆ. ತೊಟ್ಟಿಯ ಮುಚ್ಚಳ ತೆಗೆದು ನೀರಿನ ಮೇಲೆ ಟೇಬಲ್ ಫ್ಯಾನಿನ ಗಾಳಿ ಹಾಯಿಸಿದರೆ ಅದೇ ಕೆಲಸ ನಡೆಯುತ್ತದೆ. ಬಳ್ಳಾರಿಯ ಒಣ ಹವೆಯಲ್ಲಿ ಇದು ಚೆನ್ನಾಗಿ ಫಲಿಸುತ್ತದೆ. ಮಂಗಳೂರಿನ ತೇವದ ಹವೆಯಲ್ಲಿ ಅಷ್ಟಾಗಿ ಇಲ್ಲ. ಆವಿಯಾದಷ್ಟು ನೀರನ್ನು ಮರುದಿನ ತುಂಬಿಸಬೇಕು. ಕ್ಲೋರಿನ್ ಇರುವ ನಲ್ಲಿ ನೀರನ್ನು ನೇರವಾಗಿ ಸುರಿಯಬಾರದು.

ಹಿರಿಯರಿಗೊಂದು ಮಾತು

ಹೀಟರನ್ನು ಮುಟ್ಟುವ ಕೆಲಸ ಮಕ್ಕಳದಲ್ಲ. ಒಡೆದ ಗಾಜಿನ ಹೀಟರ್ ಇರುವ ತೊಟ್ಟಿಯ ನೀರಿನಲ್ಲೇ ವಿದ್ಯುತ್ ಹರಿಯುತ್ತಿರಬಹುದು. ಪ್ಲಗ್ ಕೀಳದೆ ನೀರಿಗೆ ಕೈ ಹಾಕಲೇಬಾರದು. ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕಿತ್ತ ಮೇಲೂ 20 ನಿಮಿಷ ಬಿಟ್ಟು ಹೀಟರನ್ನು ಹೊರತೆಗೆಯಿರಿ. ಕಾದ ಗಾಜು ಸಿಡಿಯಬಹುದು. ವೈರಿನ ಮೇಲೆ ಜಾರಿದ ಹನಿ ಪ್ಲಗ್ಗಿಗೆ ಹೋಗದಂತೆ, ವೈರು ಒಮ್ಮೆ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಲಿ. ಅರ್ಥಿಂಗ್ ಇರುವ ಸಾಕೆಟ್, ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಸೋರಿಕೆ ರಕ್ಷಕ ಇವೆರಡೂ ಇರಬೇಕು. ಕೆಟ್ಟ ಹೀಟರನ್ನು ಬಿಚ್ಚಿ ರಿಪೇರಿ ಮಾಡುವ ಗೋಜಿಗೆ ಹೋಗಬೇಡಿ. ಅದರ ಜಾಗ ಕಸದ ಬುಟ್ಟಿ.

ಹೊಸದನ್ನು ಕೊಳ್ಳುವಾಗ 100 ವಾಟಿನ ಒಂದರ ಬದಲು 50 ವಾಟಿನ ಎರಡು ತರುವುದು ಜಾಣತನ. ಒಂದು ನಿಂತುಹೋದರೆ ಇನ್ನೊಂದು ತಕ್ಕಮಟ್ಟಿಗೆ ಕಾಯುತ್ತದೆ. ಒಂದು ಸಿಕ್ಕಿಕೊಂಡರೂ ಅರ್ಧ ಶಕ್ತಿಯಲ್ಲಿ ನೀರನ್ನು ಬೇಗ ಕೆಡಿಸಲಾರದು. ಹೀಟರಿನ ಅಂಕಿಗಳನ್ನು ನಂಬದೆ ಬೇರೆಯೇ ಒಂದು ಥರ್ಮಾಮೀಟರ್ ಇಡಬೇಕು. ಬೇಸಿಗೆಯಲ್ಲಿ ಬಯಲುಸೀಮೆಯ ಮನೆಗಳಲ್ಲಿ ಹೀಟರನ್ನು ತೆಗೆದಿಡುವುದೇ ಲೇಸು.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಮೀನಿಲ್ಲದ ಬಕೆಟ್ಟಿನಲ್ಲಿ ಉಗುರು ಬೆಚ್ಚಗಿನ ನೀರಿಟ್ಟು, ಅರ್ಧ ಗಂಟೆಗೊಮ್ಮೆ ಅದರ ಉಷ್ಣತೆ ಗುರುತಿಸಿ, ನಕ್ಷೆ ಬರೆಯಿರಿ. ಗೆರೆ ಮೊದಲು ಕಡಿದಾಗಿ ಇಳಿದು, ಕೋಣೆಯ ಉಷ್ಣತೆ ಹತ್ತಿರವಾದಂತೆ ಚಪ್ಪಟೆಯಾಗುತ್ತದೆ. ವ್ಯತ್ಯಾಸ ಹೆಚ್ಚಿದ್ದಷ್ಟೂ ಆರುವ ವೇಗ ಹೆಚ್ಚು. ನ್ಯೂಟನ್ ಹೇಳಿದ ನಿಯಮ ಇದೇ. ಅದೇ ಬಕೆಟ್ಟಿಗೆ ಕಂಬಳಿ ಸುತ್ತಿ ಇನ್ನೊಮ್ಮೆ ಮಾಡಿದರೆ ಕಂಬಳಿಯ ಬೆಲೆ ತಿಳಿಯುತ್ತದೆ.

ಮತ್ತೆ ಮಡಿಕೇರಿಯ ಮನೆಗೆ ಬರೋಣ. ಅಪ್ಪ ಒಲೆ ಆರಿಸಿದ್ದಾರೆ. ಅಮ್ಮನೇ ಅಟ್ಟದಿಂದ ಹಳೆಯ ಕಂಬಳಿ ಇಳಿಸಿದ್ದಾರೆ. ಸಂಜೆಗೆ ನೀರು 24 ಡಿಗ್ರಿ. ಇನ್ನು ಹತ್ತು ದಿನ ಮೀನುಗಳ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಏಳುತ್ತದೆಯೇ ಎಂದು ಗಮನಿಸಬೇಕು. ಚಳಿಗೆ ಸೋತ ಮೀನಿಗೆ ಆ ರೋಗ ಬೇಗ ಅಂಟುತ್ತದೆ. ಹುಡುಗಿ ಹಳೆಯ ನೋಟ್ ಪುಸ್ತಕದಲ್ಲಿ ಎರಡು ಕಲಮು ಎಳೆದಿದ್ದಾಳೆ: ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು.

ಅಂದು ಹೀಟರ್ ಕೆಟ್ಟದ್ದನ್ನು ಮೊದಲು ತಿಳಿಸಿದ್ದು ಯಂತ್ರವಲ್ಲ; ಮೀನುಗಳು ಮೇಲೆ ಬರಲಿಲ್ಲವೆಂಬುದನ್ನು ಗಮನಿಸಿದ ಮಗುವಿನ ಕಣ್ಣು. ದಿನವೂ ನೋಡುವ ಕಣ್ಣಿದ್ದರೆ ಕೆಟ್ಟ ಯಂತ್ರವನ್ನು ಸಂಜೆಯೊಳಗೆ ಬದಲಿಸಬಹುದು.