ಮಾರಿ ಸುಲಿಯೋದಲ್ಲ ಇದು

ಕೆಮಿಕಲ್ ಪೀಲ್ ಅಂದ್ರೆ ಕುಲಗೋಡದಾಗ ಅವ್ವ ಕೇಳಿದ್ದು ಒಂದೇ: "ಮಾರಿ ಸುಲಿಸ್ಕೊಂತಿ ಏನೋ?" ಹಂಗೇನಿಲ್ಲ. ಗ್ಲೈಕೋಲಿಕ್ ಆಸಿಡ್ ನಮ್ಮ ಕಬ್ಬಿನಲ್ಲೂ ಇರೋದೇ (ಬಾಟಲಿಯದು ಫ್ಯಾಕ್ಟರಿದು, ಆ ಮಾತು ಬೇರೆ). ಡಾಕ್ಟರ್ ಕೆಲವೇ ನಿಮಿಷ ಹಚ್ಚಿ, ನ್ಯೂಟ್ರಲೈಸ್ ಮಾಡ್ತಾರೆ. ಚರ್ಮದ ಮೇಲ್ಪದರ ಮಾತ್ರ ಸಣ್ಣಗೆ ಉದುರುತ್ತೆ. ಜಿಡ್ಡು ಮುಖದ ಮೊಡವೆಗೆ ಸ್ಯಾಲಿಸಿಲಿಕ್ ವಾಸಿ, ಅದು ಎಣ್ಣೆಯೊಳಗೂ ಇಳಿಯುತ್ತೆ.

ಎರಡು-ಮೂರು ವಾರಕ್ಕೊಮ್ಮೆ ಮಾಡಿಸಿದೆ. ಮೂರನೇ ಸಲಕ್ಕೆ ಕಪ್ಪು ಕಲೆ ತಿಳಿಯಾದವು. ಗುಳಿಗಳು ಹಂಗೇ ಇವೆ. ಲೈಟ್ ಪೀಲ್ ಅಷ್ಟು ಆಳಕ್ಕೆ ಹೋಗಲ್ಲ.

ಆನ್‌ಲೈನ್‌ನಲ್ಲಿ 30% ಬಾಟಲಿ ತರಿಸಿ ಮನೇಲಿ ಹಚ್ಕೋಬೇಡಿ. ನಮ್ಮ ಕಂದು ಚರ್ಮ ಸುಟ್ಟರೆ ಮೊದಲಿಗಿಂತ ಕಪ್ಪಾಗಿ, ತಿಂಗಳುಗಟ್ಟಲೆ ಉಳೀಬಹುದು. ರೆಟಿನಾಯ್ಡ್ ಕ್ರೀಮ್ ಹಚ್ತಿದ್ರೆ ಡಾಕ್ಟರಿಗೆ ಮೊದಲೇ ಹೇಳಿ. ಮದುವೆ ಅದೇ ವಾರ ಇದ್ರೆ ಬೇಡವೇ ಬೇಡ. ಆಮೇಲೆ ಸನ್‌ಸ್ಕ್ರೀನ್, ಬೈಕ್‌ನಲ್ಲಿ ಮೂಡಲಗಿಗೆ ಹೋಗಿಬರೋಕೂ.